ಚೀಲದ ತೂಕ ಕಳೆದು

ಅಮ್ಮತ್ತಿಯಾಚೆ, ಆನೆಕಂದಕದ ಪಕ್ಕದ ಕಣದಲ್ಲಿ
ಇವತ್ತು ಎರಡು ತಕ್ಕಡಿ.
ಒಂದು ನನ್ನದು, ಹಲಸಿನ ಕೊಂಬೆಗೆ ತೂಗುಬಿಟ್ಟ
ಸ್ಪ್ರಿಂಗಿನ ಮುದುಕ; ಮುಳ್ಳು ತುಸು ಎಡಕ್ಕೆ ವಾಲಿದೆ.
ಇನ್ನೊಂದು ಮೈಸೂರಿನಿಂದ ಜೀಪಿನಲ್ಲಿ ಬಂದದ್ದು,
ಗಾಜಿನ ಮೈ, ಕೆಂಪು ಅಂಕಿ,
ಹತ್ತುವ ಮುನ್ನ ಚಪ್ಪಲಿ ಬಿಡಬೇಕಂತೆ.

ಇಪ್ಪತ್ತಾರು ಕೊಯ್ಲು ಕಂಡ ರೈಟರು ನಾನು.
ಹಣ್ಣು ತೂಗುತ್ತೇನೆ, ಹೆಸರಿನ ಮುಂದೆ ಕಿಲೋ ಬರೆಯುತ್ತೇನೆ.
ಚೀಲಕ್ಕೆಂದು ಒಂದು,
ಎಲೆಕಡ್ಡಿಗೆಂದು ಅರ್ಧ,
ಇಬ್ಬನಿಗೆಂದು ಇನ್ನರ್ಧ ಕಳೆಯುತ್ತೇನೆ.
ಕಳೆ ಎಂದು ಮೊದಲು ಹೇಳಿದವರು ಯಾರೋ,
ಈಗ ಕೈಗೇ ಅಭ್ಯಾಸ.

ಕೂಲಿಯವರ ಆರೋಗ್ಯ ಅಳೆಯಲು ಬಂದ ವಿನುತಾ ಮೇಡಂ
ನಲವತ್ತೆರಡು ಪ್ರಶ್ನೆಗಳ ಹಾಳೆ ಬಿಡಿಸಿ
'ರೈಟರೇ, ಅವರ ಮಾತಲ್ಲಿ ಸ್ವಲ್ಪ ಕೇಳಿ' ಅಂದರು.
ತಮಿಳು ನನಗೆ ಪೂರಾ ಬರುತ್ತದೆ, ಎರವರ ಮಾತು ಅರ್ಧ,
ಅಸ್ಸಾಮಿನವರದ್ದು ಒಂದಕ್ಷರವೂ ಇಲ್ಲ.

'ಕಳೆದ ಮೂವತ್ತು ದಿನಗಳಲ್ಲಿ
ಎಷ್ಟು ದಿನ ಮನಸ್ಸು ಭಾರವಾಗಿತ್ತು?'
ಎರವರ ಕರ್ಪಿ ಯೋಚಿಸಿದಳು.
'ಇಬ್ಬನಿ ಬಿದ್ದ ದಿನ ಭಾರ.
ಬಿಸಿಲೇರಿದರೆ ಅಷ್ಟಿಲ್ಲ.'
ಅಯ್ಯೋ, ಕೇಳಿದ್ದು ಚೀಲದ್ದಲ್ಲ, ಮನಸ್ಸಿನದು ಅಂದೆ.
'ಹೊತ್ತಿರುವಾಗ ಗೊತ್ತಾಗಲ್ಲ ರೈಟ್ರೇ,
ಇಳಿಸಿದ ಮೇಲೆ ಹೇಳ್ತೀನಿ.'
ಮೇಡಂ ಪೆನ್ನು ಹಿಡಿದು ಕಾದರು.

ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಬೇಕು.
ಪೂಂಗೊಡಿ ಭುಜ ಮುಟ್ಟಿಕೊಂಡು ಹತ್ತು ಬೆರಳೆತ್ತಿದಳು,
'ಹತ್ತು ಅಂದ್ರೆ ಕೂಲಿ ಏರುತ್ತಾ?'
ಅವಳ ಹಿಂದಿದ್ದವರೆಲ್ಲ
ಹತ್ತು, ಹತ್ತು, ಹತ್ತು.
ಮೇಡಂ ನಕ್ಕರು, ಮತ್ತೆ ನಗಲಿಲ್ಲ.
ನಿದ್ದೆಯ ಪ್ರಶ್ನೆಗೆ ಅಸ್ಸಾಮಿನ ಅಜಿಬರ್
ತನ್ನ ಹತ್ತು ಮಾತಿನ ಕನ್ನಡದಲ್ಲಿ ಕೇಳಿದ,
'ಆನೆ ಬಂತು ರಾತ್ರಿ, ಅದೂ ಲೆಕ್ಕ?'
ಹಾಳೆಯಲ್ಲಿ ಆನೆಗೆ ಮನೆ ಇರಲಿಲ್ಲ,
ಅಂಚಿನಲ್ಲಿ ಬರೆದುಕೊಂಡರು.

ಆಮೇಲೆ ಬೆರಳಿಗೆ ಸೂಜಿ.
ಕಾಫಿ ಹಣ್ಣಿನ ಅಂಟು ಕಪ್ಪಾಗಿ ಕೂತ ಬೆರಳು,
ಎಷ್ಟು ಉಜ್ಜಿದರೂ ಸ್ಪಿರಿಟ್ಟಿನ ಹತ್ತಿಯೇ ಕಪ್ಪಾಯಿತು.
ಕರ್ಪಿಯದು ಹಿಂಡಿದರೂ ಬೇಗ ಬರಲಿಲ್ಲ.
'ರಕ್ತ ಆರೂಮುಕ್ಕಾಲು' ಅಂದರು ಮೇಡಂ,
'ಇವರು ನಡೆಯುತ್ತಿರುವುದೇ ಆಶ್ಚರ್ಯ.
ಯಾವಾಗಿನಿಂದ ಹೀಗೆ?'

ಯಾರೂ ಮಾತಾಡಲಿಲ್ಲ.
ನನ್ನ ಕಂಕುಳಲ್ಲಿ ಪುಸ್ತಕ ಇತ್ತು.
ತೆಗೆದೆ.
ಡಿಸೆಂಬರಿನ ಮೊದಲ ವಾರ, ಕರ್ಪಿ: ನೂರ ಹದಿನೆಂಟು.
ಹುತ್ತರಿಯಾದ ಮೇಲೆ, ನೂರ ಎರಡು.
ಆಮೇಲೆ ಎಂಬತ್ತೇಳು.
ಆಮೇಲೆ ಎಪ್ಪತ್ತಾರು, ಎಪ್ಪತ್ತಾರು, ಅರವತ್ತೊಂಬತ್ತು.
ಪಕ್ಕದಲ್ಲಿ ನನ್ನದೇ ಕೈ, ನನ್ನದೇ ಕೆಂಪು ಶಾಯಿ:
ಮೈಗಳ್ಳಿ.

ಮೆಟ್ಟಿಲಿಳಿದ ಹಾಗೆ ಇಳಿದಿತ್ತು ಅಂಕಿ,
ಒಂದೊಂದು ಮೆಟ್ಟಿಲಿಗೂ ನಾನೇ ರುಜು ಹಾಕಿದ್ದೆ.
ಸಾಲಿನಲ್ಲಿ ಅವಳ ಮಾತು ನಿಂತದ್ದು ಗೊತ್ತಿತ್ತು,
ಏಣಿ ಬಿಟ್ಟು ಕೆಳರೆಕ್ಕೆಗಳನ್ನಷ್ಟೇ ಬಿಡಿಸುತ್ತಿದ್ದದ್ದು,
ಬುಟ್ಟಿ ಇಟ್ಟಲ್ಲೇ ಕಣ್ಣು ಮುಚ್ಚಿ ಕೂರುತ್ತಿದ್ದದ್ದು
ಎಲ್ಲ ಗೊತ್ತಿತ್ತು,
ಗೊತ್ತಿದ್ದದ್ದನ್ನು ಬರೆಯಲು ಕಾಲಮ್ಮು ಇರಲಿಲ್ಲ
ಅಂತ ಮೇಡಂಗೆ ಹೇಳಬಹುದಿತ್ತು. ಹೇಳಲಿಲ್ಲ.
ಪುಸ್ತಕ ಕೊಟ್ಟೆ.
ಅವರು ಅದರ ಫೋಟೋ ತೆಗೆದುಕೊಂಡರು,
ಕೆಂಪು ಶಾಯಿಯ ಮೇಲೆ ಹೆಬ್ಬೆರಳು ಬಿದ್ದದ್ದು
ಬೇಕೆಂದೋ ಏನೋ.

ಕೊನೆಗೆ ಕರ್ಪಿ ಗಾಜಿನ ಮೇಲೆ ನಿಂತಳು.
ಮೂವತ್ತೆಂಟು ಎಂದಿತು ಕೆಂಪು ಅಂಕಿ.
ನನ್ನ ಕಡೆ ತಿರುಗಿ ಕೇಳಿದಳು,
'ಇದರಲ್ಲಿ ಚೀಲಕ್ಕೆ ಎಷ್ಟು ಕಳೆದ್ರಿ?'
ಕಣವೆಲ್ಲ ನಕ್ಕಿತು. ಅವಳೂ ನಕ್ಕಳು,
ನಕ್ಕು ಏದುಸಿರು ಬಿಟ್ಟು ನನ್ನ ತಕ್ಕಡಿಯ ಹಗ್ಗ ಹಿಡಿದುಕೊಂಡಳು,
ಮುಳ್ಳು ಸ್ವಲ್ಪ ಅಲುಗಾಡಿತು.

ಜೀಪು ಹೋಯಿತು. ಮಾತ್ರೆಗಳ ಕಾಗದಚೀಲ,
ಗೋಣಿಕೊಪ್ಪದ ಆಸ್ಪತ್ರೆಗೆ ಒಂದು ಚೀಟಿ ಉಳಿದವು.
ದೀಪ ಹಚ್ಚಿ ಕೆಂಪು ಪದಕ್ಕೆ ಗೀಟು ಎಳೆದೆ,
ಮೇಲೆ ಏನು ಬರೆಯಲಿ ಎಂದು ಕೂತೆ.
ನಿದ್ದೆ ಬಂತು, ಬರೆಯಲಿಲ್ಲ.

ಬೆಳಗ್ಗೆ ಮಂಜು ಇನ್ನೂ ಸಿಲ್ವರ್ ಮರದ ಸೊಂಟಕ್ಕಿತ್ತು.
ಕರ್ಪಿಯ ಸಾಲಿನಲ್ಲಿ ಅವಳ ಮಗಳು, ಹದಿನಾರೋ ಹದಿನೇಳೋ.
ಹೆಸರು ಕೇಳುವಷ್ಟರಲ್ಲಿ
ಒದ್ದೆ ಚೀಲ ಆಗಲೇ ಕೊಕ್ಕೆಗೆ ಬಿದ್ದಿತ್ತು.